ಎಡಗಡೆ ಹಿಂದಿನ ಬಾಗಿಲಿನ ಚಿಲಕ

ಬ್ಯಾಡಿ, ಬ್ಯಾಡಿ, ಆ ಡಬ್ಬ ಬಿಚ್ಬ್ಯಾಡಿ ಅಣ್ಣ! ಹೊಸದು ಬ್ಯಾಡ ಅಂತ ಆಗ್ಲೇ ಯೋಳಿದ್ನಲ್ಲ. ಹಳೇದು ಕೊಡಿ. ಹಳೇದು... ಚೆನ್ನಾಗಿ ಹಳೇದಾಗಿರೋದು. ಯಾಕ್ ನಗ್ತೀರಿ? ಗುಜ್ರಿ ಅಂಗ್ಡಿಗೆ ಬಂದು ಹಳೇದು ಕೇಳುದ್ರೆ ನಗ್ತಾರಾ ಯಾರಾರ? ಹೊಸದು ಬೇಕಿದ್ರೆ ಬಸ್‌ಸ್ಟ್ಯಾಂಡ್ ಪಕ್ಕದ ಅಂಗ್ಡೀಲೇ ತಕ್ಕಂಡು ಇಷ್ಟೊತ್ಗೆ ಊರು ಸೇರ್ಕತಿದ್ದೆ. ಈ ಬಿಸ್ಲಲ್ಲಿ ಹುಣಸೂರು ಉದ್ದಕ್ಕೂ ನಡ್ಕಂಡು ನಿಮ್ಮತ್ರ ಯಾಕ್ ಬತ್ತಿದ್ದೆ?

ನಾನಾ? ಗುರುಪುರದೋಳು ಕಣಣ್ಣ. ಚಾಮುಂಡಮ್ಮ ಅಂತ. ನಮ್ಮನೆಯವ್ರ ನೀವು ಕಂಡಿರ್ತೀರಿ... ಬಿಳೀ ಎಂಟ್ನೂರು ಕಾರು, ಬಲಗಡೆ ಕನ್ನಡಿ ಮಾತ್ರ ಕೆಂಪು. ಆಂ, ಅದೇ, ಅವ್ರೇ! ಆ ಕೆಂಪು ಕನ್ನಡಿ ನೀವೇ ಕೊಟ್ಟಿದ್ದು. "ಅಂಕಯ್ಯನತ್ರ ಓಗು, ಇಲ್ಲ ಅನ್ನಲ್ಲ" ಅಂತ ಅವ್ರೇ ಕಳ್ಸುದ್ರು. ಅವ್ರು ಯಾಕ್ ಬರ್ನಿಲ್ಲ ಅಂದ್ರೆ... ಮೈ ಸರ್ಯಾಗಿಲ್ಲ. ಜ್ವರ. ಅಂದ್ರೆ ಜ್ವರ ಅಂತಲ್ಲ... ಎರಡ್ ದಿಸದಿಂದ ಊಟ ಬುಟ್ಟು ಕುಂತವ್ರೆ. ಅದು ಬುಡಿ ಈಗ.

ಎಡಗಡೆ. ಹಿಂದ್ಲ ಬಾಗ್ಲು. ನಾವು ಚಿಲ್ಕ ಅಂತೀವಿ, ನೀವು ಲಾಕು ಅಂತೀರಿ. ಎಡಕ್ಕೂ ಬಲಕ್ಕೂ ಬ್ಯಾರೆ ಬ್ಯಾರೇನಾ? ಮುಂದಕ್ಕೂ ಹಿಂದಕ್ಕೂ ಬ್ಯಾರೇನಾ? ಅಯ್ಯೋ ಶಿವ್ನೆ... ಮನೆ ಚಿಲ್ಕ ಆಗಿದ್ರೆ ಯಾವ ಬಾಗ್ಲಿಗಾದ್ರೂ ಬಡ್ಕಬೋದು. ಎರಡ್ ಸಾವ್ರದ ಮೂರ್ನೇ ಇಸ್ವಿ ಗಾಡಿ ಅಣ್ಣ. ಒಂದ್ ಗಾಡೀದೇ ಇನ್ನೊಂದಕ್ಕೆ ಕೂರುತ್ತೆ ತಾನೆ? ಅಷ್ಟಿದ್ರೆ ಸಾಕು. ನೋಡಿ, ಹುಡ್ಕಿ. ನಾನ್ ನಿಂತಿರ್ತೀನಿ.

...ಓ, ಮೂರು ತಂದ್ಬುಟ್ರಾ! ಕೊಡಿ ಇತ್ತಾಗೆ. ಇದು... ಇದ್ರ ಬಾಯಿಗೆ ಬೆಳ್ಳು ಇಟ್ಟು ಒತ್ತುದ್ರೆ ಟಕ್ ಅಂತ ಕಚ್ಕತದೆ. ಇದು ಬ್ಯಾಡ. ಇದೂ ಬ್ಯಾಡ, ಎಣ್ಣೆ ಒಡ್ದು ಮಡ್ಗಿದ್ದೀರಿ, ಹೊಸದಿದ್ದಂಗದೆ. ಇನ್ನೊಂದು? ಆ ಬುಟ್ಟೀಲಿ ಬಿಸಾಕಿದ್ದೀರಲ್ಲ, ತುಕ್ಕು ಇಡ್ದಿರೋದು... ಅದ್ ಕೊಡಿ ಸ್ವಲ್ಪ. ನೋಡಿ, ಇದು ಕಚ್ಚಲ್ಲ! ಒತ್ತುದ್ರೂ ಜಾರ್ಕತದೆ. ಇದು ಎಡಗಡೆ ಹಿಂದ್ಲದೇನಾ? ದಿಟ್ವಾಗ್ಲೂ? ಅಂಗಾದ್ರೆ ಇದೇ ಆಗ್ಲಿ. ಕಾಗ್ದದಲ್ಲಿ ಸುತ್ಕೊಡಿ.

ಆಗಲ್ವಾ? ಯಾಕಾಗಲ್ಲ? ಸ್ಪ್ರಿಂಗ್ ಓಗದೆ, ಕರಗ್ಸಕ್ ಮಡ್ಗಿರೋದು... ಗೊತ್ತಾಯ್ತಣ್ಣ. ಬಾಗ್ಲು ನಿಲ್ಲಲ್ಲ, ಹಳ್ಳಕ್ಕೆ ಬಿದ್ರೆ ತೆಕ್ಕತದೆ, ಗೊತ್ತಾಯ್ತು. ನಂಗೆ ಅದೇ... ಅಲ್ಲ, ಏನಂದ್ರೆ, ಆ ಬಾಗ್ಲು ನಾವು ತೆಗೆಯದೇ ಇಲ್ಲ. ಸುಮ್ನೆ ಆ ತೂತು ಮುಚ್ಚಕ್ಕೆ ಒಂದ್ ಇರ್ಲಿ ಅಂತ. ನೋಡಕ್ಕೆ ಚೆನ್ನಾಗಿರಲ್ಲ ಅಲ್ವಾ, ತೂತಿದ್ರೆ?

ಹಳೇದು ತಂದಿದೀನಿ. ಬ್ಯಾಗಲ್ಲದೆ. ಅದ್ನ ಯಾಕ್ ನೋಡ್ಬೇಕು... ಸರಿ ಕಣಣ್ಣ, ಸ್ಯಾಂಪಲ್ ನೋಡ್ದೆ ಕೊಡಲ್ಲ ಅಂದ್ರೆ ತಕಳಿ. ಟವಲಲ್ಲಿ ಸುತ್ತಿದೀನಿ. ನಮ್ಮೋರೇ ಬೆಳಿಗ್ಗೆ ಬಿಚ್ಚುದ್ರು. ಸ್ಕ್ರೂ ಬಿಚ್ಚಕ್ಕೋಗಿ ಕೈ ಎರಡ್ ಕಡೆ ಕೊಯ್ಕಂಡ್ರು. ಆ ಕರೆ ಅದ್ರುದೇ... ಎಣ್ಣೆ ಅಲ್ಲ.

ಏನ್ ನೋಡ್ತೀರಿ? ಅದು ಕೆಟ್ಟೋಗದೆ. ಇಲ್ಲೇನೋ ಟಕ್ ಅಂತ ಕಚ್ಕಂತು, ನಿಜ. ನಿಮ್ ಕೈಯಲ್ಲಿ ಕಚ್ಕತದೆ. ಗಾಡೀಲಿ ಕಚ್ಕಳಲ್ಲ. ಗುದ್ದಾಡಿದ್ರೆ ಬುಟ್ಕತದೆ. ನಿಮ್ಗೆ ಗೊತ್ತಿಲ್ವಾ, ಹಳೇ ಗಾಡಿ ಅಂದ್ರೆ... ಇನ್ನೊಂದ್ಸಲ ಯಾಕ್ ಒತ್ತೀರಿ? ಕಲ್ಲಿನ ಮೇಲೆ ಕುಟ್ತೀರಾ! ಕುಟ್ಟಿ, ಕುಟ್ಟಿ. ನಿಮ್ದೇ ಗುಜ್ರಿ... ಬುಟ್ಕಳ್ನಿಲ್ವಾ? ಇನ್ನೂ ಕಚ್ಕಂಡೇ ಅದೆಯಾ?

ಸಾಕು ಕೊಡಿ ಅಣ್ಣ. ಆ ಸದ್ದು ನಂಗಾಗಲ್ಲ.

ಇಲ್ಲ, ಕುಂತ್ಕಳಲ್ಲ. ಸರಿ, ಟೈರ್ ಮೇಲೆ ಕುಂತ್ಕತೀನಿ. ನೀರ್ ಬ್ಯಾಡ. ...ಆಯ್ತು, ಕೊಡಿ.

ಅಣ್ಣ, ಯೋಳ್ಬುಡ್ತೀನಿ. ನಾಳೆ ಅತ್ತು ಗಂಟೆಗೆ ಕಾರ್ ತಂದು ಸ್ಟೇಷನ್ ಮುಂದೆ ನಿಲ್ಸಿ ಅಂದವ್ರೆ. ಬ್ರೇಕ್ ಇನ್ಸ್‌ಪೆಕ್ಟ್ರು ಬಂದು ಬಾಗ್ಲು ನೋಡ್ತಾರಂತೆ. ಮಗ್ಳು ಬಿದ್ಬುಟ್ಲು. ನಮ್ ರೂಪ... ರೂಪಶ್ರೀ. ನಂಗೆ ಒಬ್ಳೇ ಮಗ್ಳು ಅಣ್ಣ. ಓಡ್ತಿರೋ ಕಾರಿಂದ ಬಿದ್ಬುಟ್ಲು. ಮೊನ್ನೆ ಮಧ್ಯಾಹ್ನ, ಪಿರಿಯಾಪಟ್ಟಣದ್ ರೋಡು, ಕಂಪಲಾಪುರ ಇನ್ನೂ ಬಂದಿರ್ನಿಲ್ಲ. ಒಂದ್ ಹಳ್ಳ ಸಿಕ್ತು, ಗಾಡಿ ದಡಕ್ ಅಂತು, ಬಾಗ್ಲು ತಾನಾಗೇ ತೆಕ್ಕಂತು. ಕುಂತಿದ್ದೋಳು ಕುಂತಂಗೇ ಆಚ್ಗೋದ್ಲು. ನಾನ್ ಪಕ್ದಲ್ಲೇ ಇದ್ದೆ. ಕೈ ಚಾಚುದ್ರೆ ಬರೀ ಗಾಳಿ. ತಲೆಗೆ ಅದ್ನಾಲ್ಕು ಹೊಲಿಗೆ, ಎಡಗೈ ಎರಡ್ ಕಡೆ ಮುರ್ದದೆ. ಜೀವಕ್ಕೇನಿಲ್ಲ ಅಂದ್ರು ಡಾಕ್ಟ್ರು. ಮೈಸೂರ್ ಆಸ್ಪತ್ರೇಲಿ ಅವ್ಳೆ.

ತಾನಾಗೇ ತೆಕ್ಕಂತು ಅಣ್ಣ. ನಾನ್ ಯೋಳ್ತಿರೋದಲ್ಲ, ಅವ್ಳೇ ಯೋಳವ್ಳೆ. ಪೊಲೀಸ್ನೋರು ಬರ್ಕಂಡವ್ರೆ. "ಚಿಲ್ಕ ಸರಿ ಇರ್ನಿಲ್ಲ ಸಾ, ತಾನಾಗೇ ತೆಕ್ಕಂತು" ಅಂದ್ಲು. ಎಬ್ಬೆಟ್ಟು ಒತ್ಸಿಲ್ಲ, ಸೈನೇ ಮಾಡವ್ಳೆ, ಪಿಯುಸಿ ಓದವ್ಳೆ.

ಈಗ ಅರ್ಥ ಆಯ್ತಾ? ಅವ್ಳು ಕೆಟ್ಟೋಗದೆ ಅಂತ ಬರ್ಸವ್ಳೆ. ನಾಳೆ ಇನ್ಸ್‌ಪೆಕ್ಟ್ರು ಬಂದು ಬೆಳ್ಳಾಕಿ ಒತ್ತುದ್ರೆ ಇದು ಟಕ್ ಅಂತದಲ್ಲಾ! ನಿಮ್ ಮುಂದೆ ಅಂದಂಗೇ ಅಂತದಲ್ಲಾ! ಆಗ ಏನ್ ಮಾಡ್ಲಿ? ಅದಕ್ಕೆ ಕೆಟ್ಟಿರೋದು ಬೇಕು. ಇದೇ ಕಾಲದ್ದು, ಇದೇ ಬಣ್ಣದ್ದು, ಇದೇ ತುಕ್ಕಿಂದು. ಇವತ್ತು ಕೂರುಸ್ಬುಟ್ರೆ ಯಾರಿಗ್ ಗೊತ್ತಾಯ್ತದೆ? ನಿಮ್ಗೇನೂ ತೊಂದ್ರೆ ಇಲ್ಲ. ನಿಮ್ ಹೆಸ್ರು ಎಲ್ಲೂ ಎತ್ತಲ್ಲ, ಬೇಕಾದ್ರೆ ಆಣೆ ಇಡ್ತೀನಿ. ಕೈ ಮುಗೀತೀನಿ...

ಏನಾರ ಅನ್ನಿ.

ಆಗಲ್ಲ ಅನ್ನಿ, ಇಲ್ಲ ಆಯ್ತದೆ ಅನ್ನಿ. ಇಂಗೆ ಚಿಲ್ಕ ಇಡ್ಕಂಡು ನೆಲ ನೋಡ್ತಾ ಕುಂತ್ರೆ? ನಿಮ್ಗೂ ಮಕ್ಳವ್ರೆ ತಾನೆ? ಎಷ್ಟ್ ಜನ? ...ಹೆಣ್ ಮಕ್ಳಾ?

ಮದ್ವೆ ಮಾಡಿದ್ದೀರಾ?

ನಾನೂ ಮಾಡ್ದೆ. ಓದ್ ವರ್ಷ, ಗೌರಿ ಹಬ್ಬ ಕಳುದ್ಮೇಲೆ. ಪಿರಿಯಾಪಟ್ಟಣದ ಈಚೆ, ನೀರಾವ್ರಿ ಗದ್ದೆ ಇರೋ ಮನೆ. ಹುಡ್ಗನ ಹೆಸ್ರು ಶಂಕರ್. ತಲೆ ಬಗ್ಸಿ ಮಾತಾಡ್ತಾನೆ, ನಿಮ್ಮಂಥೋರು ಕಂಡ್ರೆ ಚಪ್ಲಿ ಬುಟ್ಟು ನಿಲ್ತಾನೆ. ಎಲ್ರೂ ಅಂದ್ರು, ಚಾಮುಂಡಿ, ನೀನ್ ಪುಣ್ಯ ಮಾಡಿದ್ದೆ ಕಣೆ ಅಂತ. ನಂಗೂ ಅಂಗೇ ಅನ್ನುಸ್ತು. ಮೊದ್ಲು ಸಲ ಅವ್ಳು ವಾಪಸ್ ಬಂದಾಗ ದೀಪಾವಳಿ ಹತ್ರ. ಗಂಡ ಹೆಂಡ್ತಿ ಜಗ್ಳ, ಇದ್ದಿದ್ದೇ ಅಂದೆ, ನಾಲ್ಕ್ ದಿನ ಮಡಿಕಂಡು ಕಳ್ಸುದೆ. ಎರಡ್ನೇ ಸಲ ಬೆನ್ನ ಮೇಲಿನ ಬಾಸುಂಡೆ ತೋರ್ಸುದ್ಲು. ನೀರ್ ಕಾಯ್ಸಿ ಅರ್ಶಿಣ ಅಚ್ಚುದೆ. ಕಣ್ಣೀರ್ ಆಕುದೆ, ಆಮೇಲೆ ನಾನೇ ಬಸ್ ಹತ್ತುಸ್ದೆ.

ಅಂಗ್ ನೋಡ್ಬ್ಯಾಡಿ ನನ್ನ! ಏನ್ ಮಾಡ್ಬೇಕಿತ್ತು ಯೋಳಿ. ಅಳ್ಳಿ ಜನದ ಬಾಯಿ ಮುಚ್ತದಾ? ಒಂದ್ ವರ್ಷಕ್ಕೇ ಮಗ್ಳು ಮನೇಲಿ ಕುಂತ್ಲು ಅಂದ್ರೆ, ಇವ್ಳೇ ಸರ್ಯಾಗಿಲ್ಲ ಅಂತಾರೆ. ನಮ್ ವಾರಗಿತ್ತಿ ಸಿದ್ದಲಿಂಗಮ್ಮ ಒಬ್ಳು ಸಾಕು, ನೀರಿನ ಟ್ಯಾಂಕ್ ಹತ್ರ ನಿಂತ್ರೆ ಮೂರು ಬೀದಿಗೆ ಸುದ್ದಿ. ನಾನು ನೀರ್ ಇಡಿಯೋ ಟೈಮೇ ಬದ್ಲಾಯ್ಸಿದ್ದೆ ಅಣ್ಣ, ಅವ್ಳ ಮಕ ನೋಡ್ಬಾರ್ದು ಅಂತ!

ಮೂರ್ನೇ ಸಲ ಈ ತಿಂಗ್ಳು ಬಂದ್ಲು. ಬಂದು ಅತ್ತು ದಿನ ಮಾತೇ ಆಡ್ನಿಲ್ಲ. ಕೂಗುದ್ರೂ ತಿರುಗ್ತಿರ್ನಿಲ್ಲ. ನಾನ್ ಅಂದ್ಕಂಡೆ, ಏನ್ ಪೊಗ್ರು ಇವ್ಳಿಗೆ ಅಂತ. ಆಮೇಲೆ ಅವ್ಳೇ ಅಂದ್ಲು, "ಅವ್ವ, ಒಂದು ಕಿವಿ ಕೇಳ್ತಿಲ್ಲ ಕಣವ್ವ. ಅವ್ನು ಒಡ್ದಾಗಿಂದ ಗುಂಯ್ ಅಂತದೆ ಅಷ್ಟೇ." ನಾನ್ ಏನಂದೆ ಗೊತ್ತಾ? ಬೆಳ್ಳುಳ್ಳಿ ಎಣ್ಣೆ ಬುಟ್ಕ, ಸರಿ ಓಗ್ತದೆ ಅಂದೆ.

ಯಾವ ಕಿವಿ ಅಂತಾನೂ ಕೇಳ್ನಿಲ್ಲ.

ಮೊನ್ನೆ ಬೆಳಿಗ್ಗೆ ಶಂಕರ್ ಫೋನ್ ಮಾಡ್ದ. "ಅತ್ತೆ, ತಪ್ಪಾಯ್ತು, ಕಳ್ಸಿ, ಇಲ್ಲಾಂದ್ರೆ ನಾಲ್ಕ್ ಜನ ಕರ್ಕಂಡು ನಾನೇ ಬತ್ತೀನಿ" ಅಂದ. ನಾಲ್ಕ್ ಜನ ಅಂದ್ನಲ್ಲ, ಅಷ್ಟಕ್ಕೇ ನನ್ ಎದೆ ಒಡ್ದೋಯ್ತು. ನಮ್ಮೋರು ಬ್ಯಾಡ ಅಂದ್ರು. "ಇರ್ಲಿ ಕಣೆ, ಒಂದ್ ತಿಂಗ್ಳು ಇರ್ಲಿ" ಅಂದ್ರು. ನಾನೇ ಅವ್ರ ಕೈಗೆ ಕಾರ್ ಕೀ ಕೊಟ್ಟೆ. ನಾನೇ ಅವ್ಳ ಬಟ್ಟೆ ಜೋಡುಸ್ದೆ. ಗುರುಪುರದಿಂದ ಹೊಂಟ್ವಿ. ಹುಣಸೂರು ದಾಟಿದ್ ಮೇಲೆ ಹಳ್ಳ ಸಿಕ್ತು, ಬಾಗ್ಲು ತಾನಾಗೇ...

...

ಮಾತಾಡಿ ಅಣ್ಣ, ನಿಮ್ಮ ದಮ್ಮಯ್ಯ. ಸುಳ್ಳು ಅನ್ನಿ. ಬೈಯಿರಿ ಬೇಕಾದ್ರೆ. ಆಚೆ ನಡಿಯಮ್ಮ ಅನ್ನಿ. ಇಂಗೆ ಸುಮ್ನೆ ಕುಂತ್ಕಬ್ಯಾಡಿ... ಎರಡ್ ದಿಸದಿಂದ ಎಲ್ರೂ ಸುಮ್ನವ್ರೆ. ನಮ್ಮೋರು ಸುಮ್ನವ್ರೆ. ರೂಪ ಸುಮ್ನವ್ಳೆ. ನಾನ್ ಒಬ್ಳೇ ಮಾತಾಡ್ತಾ ಇದೀನಿ.

ಹಳ್ಳ ಇರ್ನಿಲ್ಲ.

ರೋಡು ಚೆನ್ನಾಗೇ ಇತ್ತು. ಚಿಲ್ಕಾನೂ ಚೆನ್ನಾಗೇ ಇತ್ತು, ನಿಮ್ಗೆ ಆಗ್ಲೇ ಗೊತ್ತಾಗದೆ.

ಅವ್ಳು ನಿಧಾನಕ್ಕೆ ಕೇಳುದ್ಲು ಅಣ್ಣ. ಅಳ್ನಿಲ್ಲ, ಕೂಗಾಡ್ನಿಲ್ಲ. "ಅವ್ವ, ಒಂಚೂರು ಕಾರ್ ನಿಲ್ಸಕ್ ಯೋಳು. ನಾನಿಲ್ಲೇ ಇಳ್ಕತೀನಿ." ನಾನು ಕಿಟಕಿ ಕಡೆ ನೋಡ್ತಾ ಕುಂತೆ. ಇನ್ನೊಂದ್ಸಲ ಅಂದ್ಲು. "ನಿಮ್ಮನೆಗೂ ಬರಲ್ಲ ಕಣವ್ವ, ನಿಂಗೆ ತೊಂದ್ರೆ ಬ್ಯಾಡ. ಮೈಸೂರಲ್ಲಿ ಗಾರ್ಮೆಂಟ್ಸ್‌ಗೆ ಸೇರ್ಕತೀನಿ, ನನ್ ಜೊತೆ ಓದಿದ್ ಪ್ರೇಮಾ ಅವ್ಳೆ ಅಲ್ಲಿ, ರೂಮ್ ಅದೆ ಅಂದವ್ಳೆ. ನಿಲ್ಸಕ್ ಯೋಳು." ನಮ್ಮೋರಿಗೆ ಕೇಳುಸ್ತು. ಬ್ರೇಕ್ ಮೇಲೆ ಕಾಲಿಟ್ರು. ಕಾರು ನಿಧಾನ ಆಯ್ತು... ಇನ್ನೇನ್ ನಿಲ್ಬೇಕು ಅಣ್ಣ, ಇನ್ನೇನ್ ನಿಲ್ಬೇಕು... ನಾನು ಮುಂದಕ್ಕೆ ಬಗ್ಗಿ ಅವ್ರ ಭುಜ ಇಡ್ಕಂಡು ಪಿಸುಪಿಸು ಅಂದೆ. "ನಿಲ್ಲುಸ್ಬ್ಯಾಡಿ. ಸುಮ್ನೆ ಓಡ್ಸಿ."

ಪಿಸುಪಿಸು ಯಾಕಂದ್ರೆ, ಅವ್ಳಿಗೆ ಕೇಳುಸ್ದಿರ್ಲಿ ಅಂತ. ನನ್ ಕಡೆ ಇರೋದೇ ಕೆಟ್ಟ ಕಿವಿ ಅಂತ ನಾನ್ ಅಂದ್ಕಂಡಿದ್ದೆ.

ಅಲ್ಲ ಅಣ್ಣ. ಅದು ಚೆನ್ನಾಗಿರೋ ಕಿವಿ.

ತಿರುಗಿ ನನ್ನ ನೋಡುದ್ಲು. ಕಾರು ಮತ್ತೆ ಜೋರಾಯ್ತು. ಅವ್ಳು ಹ್ಯಾಂಡ್ಲಿಗೆ ಕೈ ಆಕುದ್ಲು. ನಾನ್ ಕಂಡೆ! ಕಂಡೂ ನಂಬ್ನಿಲ್ಲ, ಸುಮ್ನೆ ಎದ್ರುಸ್ತವ್ಳೆ ಅಂತ ಅಂದ್ಕಂಡೆ. ಎಲ್ರೂ ಈಗ ಸಾಯಕ್ಕೋದ್ಲು ಅಂತಾರೇನೋ, ತಲೆ ಕೆಟ್ಟೋಳು ಅಂತಾರೇನೋ ಅಂತ ನಂಗೆ ದಿಗಿಲು. ಸಾಯಕ್ಕಲ್ಲ ಕಣಣ್ಣ. ಸಾಯಕ್ಕಲ್ಲ. ಇಳ್ಯಕ್ಕೆ. ನಾವು ನಿಲ್ಲುಸ್ನಿಲ್ಲ, ಅದಕ್ಕೆ ಓಡ್ತಿರುವಾಗ್ಲೇ ಇಳುದ್ಲು.

ನಿಮ್ ಟವಲ್ ಬ್ಯಾಡ, ಸೆರಗದೆ. ...ಇರ್ಲಿ ಕೊಡಿ.

ಆಸ್ಪತ್ರೇಲಿ ಪೊಲೀಸ್ನೋರು ಬಂದಾಗ ನಾನ್ ಬಾಗ್ಲತ್ರ ಇದ್ದೆ. ಶಂಕರ್ ಮಂಚದ ಪಕ್ಕ ಸ್ಟೂಲ್ ಆಕ್ಕಂಡು ಕುಂತಿದ್ದ. ಅವ್ಳ ಮುರ್ದಿರೋ ಕೈ ಅದ್ಯಲ್ಲ, ಬ್ಯಾಂಡೇಜು, ಅದ್ರ ಮೇಲೆ ಕೈ ಇಟ್ಕಂಡಿದ್ದ. ಮೆಲ್ಲಗೇ ಇಟ್ಟಿದ್ದ, ನೋಡ್ದೋರು ಎಷ್ಟ್ ಪ್ರೀತಿ ಅನ್ಬೇಕು, ಅಂಗೆ. "ಎಂಗಮ್ಮ ಬಿದ್ದೆ?" ಅಂದ್ರು ಅವ್ರು. ಅವ್ಳು ಅವ್ನ ನೋಡುದ್ಲು. ಆಮೇಲೆ ನನ್ನ ನೋಡುದ್ಲು. ತುಂಬೊತ್ತು ನೋಡುದ್ಲು ಅಣ್ಣ. ನಾನ್ ಏನಾರ ಅಂತೀನೇನೋ ಅಂತ. ನಾನು... ಕತ್ತು ಬಗ್ಗುಸ್ದೆ. ಆಗ ಅಂದ್ಲು, "ಚಿಲ್ಕ ಸರಿ ಇರ್ನಿಲ್ಲ ಸಾ."

ಆಚೆ ಬಂದ್ಮೇಲೆ ಶಂಕರ್ ನನ್ ಕಾಲ್ ಮುಟ್ಟಿ ನಮಸ್ಕಾರ ಮಾಡ್ದ. "ಅತ್ತೆ, ಆ ಲಾಕು ಚೆನ್ನಾಗಿದ್ರೆ ಕಷ್ಟ ಆಯ್ತದೆ. ಹುಣಸೂರಲ್ಲಿ ಗುಜ್ರಿ ಅದ್ಯಲ್ಲ, ಒಂದ್ ಕೆಟ್ಟಿರೋದು ತಂದು ಕೂರ್ಸಿ. ಆಕ್ಸಿಡೆಂಟ್ ಅಂತ ಮುಗ್ದೋಗ್ಲಿ. ಶುಕ್ರವಾರ ಡಿಸ್ಚಾರ್ಜು, ನಾನು ನೇರ ನಮ್ಮನೆಗೇ ಕರ್ಕಂಡೋಗ್ತೀನಿ" ಅಂದ. ನಾನ್ ಸರಿಯಪ್ಪ ಅಂದೆ. ಅಳಿಯ ಎಷ್ಟ್ ಬುದ್ವಂತ ಅಂತ ಅನ್ನುಸ್ತು ಕಣಣ್ಣ ನಂಗೆ! ದಾರೀ ಉದ್ದಕ್ಕೂ ಒಂದೇ ಯೋಚ್ನೆ, ಕೆಟ್ಟಿರೋದು ಸಿಕ್ಕುದ್ರೆ ಸಾಕಪ್ಪ, ಸಿಕ್ಕುದ್ರೆ ಸಾಕಪ್ಪ. ಇಲ್ಲಿ ಬಂದು ನಿಮ್ಮತ್ರ ಇದ್ನ ಬಾಯಿಬುಟ್ಟು ಯೋಳೋ ತಂಕ ನಂಗೆ ಒಳೀನೇ ಇಲ್ಲ... ಅದು ಕೆಟ್ಟಿದ್ರೆ, ಅವ್ಳು ವಾಪಸ್ ಓಗ್ಬೇಕು. ಅಷ್ಟೇ ತಾನೆ? ಚಿಲ್ಕ ಕೆಟ್ಟಿತ್ತು ಅಂತ ಆದ್ರೆ, ಮಿಕ್ಕಿದ್ದೆಲ್ಲ ಸರ್ಯಾಗಿತ್ತು ಅಂತ ಆಯ್ತದೆ.

ನೀವಾರ ಒಂದ್ ಮಾತು ಅಂದಿದ್ರೆ, ನಾನು ಅದಕ್ಕೊಂದು ಯೋಳಿ, ಇದ್ನ ತಕ್ಕಂಡು ಇಷ್ಟೊತ್ಗೆ ಓಗ್ಬುಡ್ತಿದ್ದೆ. ನೀವ್ ಅನ್ನಿಲ್ಲ.

ಈ ತುಕ್ಕಿಂದು ನೀವೇ ಮಡಿಕಳಿ ಅಣ್ಣ. ನಂಗ್ ಬ್ಯಾಡ. ನಮ್ದು ಕೊಡಿ. ಇಲ್ಲ, ಸುತ್ತೋದ್ ಬ್ಯಾಡ, ಅಂಗೇ ಕೊಡಿ, ಬ್ಯಾಗಿಗಾಕ್ಕತೀನಿ. ನಮ್ಮೋರಿಗೆ ದಾರೀಲೇ ಫೋನ್ ಮಾಡ್ತೀನಿ, ಸಂಜೆ ಆಸ್ಪತ್ರೆಗೇ ಬಂದು ಇದ್ನ ಇಸ್ಕಳ್ಲಿ. ನಾಳೆ ಇದನ್ನೇ ಕೂರ್ಸಿ ತಕ್ಕಂಡೋಗ್ಲಿ, ಅವ್ರು ಎಷ್ಟ್ ಸಲ ಬೇಕಾದ್ರೂ ಒತ್ತಿ ನೋಡ್ಲಿ. ಕೇಸ್ ಆಗ್ಲಿ, ಏನಾರ ಆಗ್ಲಿ. ನಿಲ್ಲುಸ್ಬ್ಯಾಡಿ ಅಂದೋಳು ನಾನು ಅಂತ ನಾನೇ ಬರುಸ್ತೀನಿ. ಮೊದ್ಲು ಅವ್ಳ ಕಿವಿ ತೋರುಸ್ಬೇಕು. ಅಲ್ಲೇ ಆಸ್ಪತ್ರೇಲಿ ಇದ್ರೂ ಯಾರಿಗೂ ಯೋಳಿಲ್ಲ, ನಾವು ಯಾರೂ ಯೋಳಿಲ್ಲ, ಕಿವಿ ಅಂತ ಬಾಯೇ ಬುಟ್ಟಿಲ್ಲ...

ಮೈಸೂರ್ ಬಸ್ಸು ಇಲ್ಲೇ ರೋಡಲ್ಲಿ ಕೈ ಅಡ್ಡ ಇಟ್ರೆ ನಿಲ್ತದಾ? ಇಲ್ಲ ಸ್ಟ್ಯಾಂಡಿಗೇ ಓಗ್ಬೇಕಾ? ...ಅಯ್ಯೋ, ನೀವ್ಯಾಕ್ ಗಾಡಿ ತೆಗೀತೀರಿ? ಬ್ಯಾಡ ಅಣ್ಣ, ನಡ್ಕಂಡೋಗ್ತೀನಿ.

...ಆಯ್ತು. ಬನ್ನಿ ಅಂಗಾದ್ರೆ. ಸ್ಟ್ಯಾಂಡ್ ತಂಕ ಬುಟ್ರೆ ಸಾಕು.

ಅವ್ನು ಈಗ್ಲೂ ಅಲ್ಲೇ ಕುಂತಿರ್ತಾನೆ ಅಣ್ಣ, ಮಂಚದ ಪಕ್ಕ. ಓಗಿ ಮುಂದೆ ನಿಂತ್ಕತೀನಿ. ಎದ್ದೇಳಪ್ಪ ಅಂತೀನಿ. ಎದ್ದೇಳು, ಆ ಜಾಗ್ದಲ್ಲಿ ನಾನ್ ಕುಂತ್ಕಬೇಕು.